ಅಜ್ಜನ ರೈಫಲಿಗೆ ಹೊಸ ಕಟ್ಟಿಗೆ ಹಾಕಿಸುವ ಮುನ್ನ

ಓದುಗರ ಪ್ರಶ್ನೆಗಳಿಗೆ ಬಡಿಗ ಮಾಸ್ತರರ ಉತ್ತರ

ಪ್ರಶ್ನೆ: ಮಾಸ್ತರರೇ, ನಮಸ್ಕಾರ. ನಮ್ಮದು ಚಿಂಚೋಳಿ ತಾಲೂಕಿನ ಒಂದು ಹಳ್ಳಿ. ನಿಜಾಮರ ಕಾಲದಲ್ಲಿ ನಮ್ಮ ಅಜ್ಜ ಹೈದರಾಬಾದಿನಿಂದ ತಂದ ಮೌಸರ್ ಮಾದರಿಯ ಶಿಕಾರಿ ರೈಫಲ್ ಈಗ ನನ್ನ ಲೈಸೆನ್ಸಿನಲ್ಲಿದೆ. ಶಿಕಾರಿ ನಿಂತು ಎಷ್ಟೋ ಕಾಲವಾಯಿತು. ಮನೆತನದ ನೆನಪು ಅಂತ ಉಳಿಸಿಕೊಂಡಿದ್ದೇವೆ. ಕಪಾಟಿನಿಂದ ತೆಗೆಯುವಾಗ ಅದು ಕೈತಪ್ಪಿ ಬಿದ್ದು, ಹಿಡಿಯ ಹತ್ತಿರ ಕಟ್ಟಿಗೆ, ಅಂದರೆ ನಳಿ ಮತ್ತು ಕಬ್ಬಿಣ ಕೂರುವ ಮರದ ಭಾಗ, ಸೀಳಿದೆ. ನಮ್ಮ ಊರಿನ ಬಡಿಗೇರರು ನಮ್ಮದೇ ಹೊಲದ ಸಾಗವಾನಿಯಲ್ಲಿ ಹೊಸದು ಮಾಡಿಕೊಡುತ್ತೇನೆ, ಮೇಲೆ ಒಳ್ಳೆ ಪಾಲಿಶ್ ಹೊಡೆದರೆ ಆಯಿತು ಅನ್ನುತ್ತಾರೆ. ಯಾವ ಮರ ಒಳ್ಳೆಯದು? ಪಾಲಿಶ್ ಹೇಗೆ ಮಾಡಿಸಬೇಕು? ಹಳೆಯದರ ಹಾಗೇ ಕಾಣಬೇಕು ಅನ್ನುವುದು ನಮ್ಮ ತಾಯಿಯ ಆಸೆ.

ಉತ್ತರ: ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಸೀಳು ಹಿಡಿಯ ಕುತ್ತಿಗೆಯಲ್ಲಿ ಓರೆಯಾಗಿ ಇಳಿದಿದೆ. ಅದರ ಸುತ್ತ ಮರ ಕಪ್ಪಗಾಗಿದೆ. ಬಿದ್ದದ್ದು ನೆಪ ಅಷ್ಟೇ, ಆ ಮರ ಮೊದಲೇ ಸೋತಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ ವರ್ಷಗಟ್ಟಲೆ ಎಣ್ಣೆ ಬಿಡುತ್ತಾರೆ. ಆಮೇಲೆ ನಳಿ ಮೇಲೆ ಮಾಡಿ ನಿಲ್ಲಿಸುತ್ತಾರೆ. ಎಣ್ಣೆ ಮೆಲ್ಲಗೆ ಕೆಳಗಿಳಿದು ಕಬ್ಬಿಣದ ಹಿಂದಿರುವ ಮರದೊಳಗೆ ಸೇರುತ್ತದೆ. ಮರ ಮೆತ್ತಗಾಗುತ್ತದೆ, ನಾರಿನ ಬಿಗಿ ಹೋಗುತ್ತದೆ. ಒಣ ಮರದಲ್ಲಿ ಆದ ಸೀಳಾಗಿದ್ದರೆ ಎಪಾಕ್ಸಿ ಅಂಟು ಹಾಕಿ, ಒಳಗೆ ಒಂದು ಪಿನ್ ಕೊಟ್ಟು ಉಳಿಸಿಕೊಳ್ಳಿ ಅಂತಲೇ ಹೇಳುತ್ತಿದ್ದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಕಚ್ಚುವುದಿಲ್ಲ. ಹೊಸದು ಮಾಡಿಸುವುದೇ ಸರಿ. ಆದರೆ ಹಳೆಯ ಕಟ್ಟಿಗೆಯನ್ನು ಒಲೆಗೆ ಹಾಕಬೇಡಿ. ಹೊಸದಕ್ಕೆ ಅದೇ ಅಳತೆ, ಅದೇ ಗುರು.

ಮರದ ಮಾತಿಗಿಂತ ಮೊದಲು ಕಾನೂನಿನ ಮಾತು. ಬಡಿಗೇರರು ಎಷ್ಟೇ ನಂಬಿಕಸ್ಥರಿರಲಿ, ಅವರ ಮನೆಯಲ್ಲಿ ಈ ರೈಫಲ್ ಒಂದು ರಾತ್ರಿ ಕೂಡ ಇರಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ಇಟ್ಟುಕೊಳ್ಳುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ರಿಪೇರಿ ಅಂಗಡಿಗೇ ಒಯ್ಯಿರಿ. ನಿಮ್ಮ ಲೈಸೆನ್ಸ್ ಪುಸ್ತಕ ತೋರಿಸಿ, ಬಂದೂಕಿನ ನಂಬರ್ ಬರೆದ ರಸೀದಿ ತಗೊಳ್ಳಿ. ಬೇಕಾದರೆ ಒಳ್ಳೆಯ ಮರದ ದಿಮ್ಮಿ ನೀವೇ ಹುಡುಕಿ ಅವರಿಗೆ ಕೊಡಿ. ಇನ್ನೊಂದು ವಿಷಯ ನಿಮ್ಮ ತಾಲೂಕಿನವರಿಗೆ ಮುಖ್ಯ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸವಿದ್ದು ಬಂದೂಕಿನ ಲೈಸೆನ್ಸ್ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಅಂತ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಚಿಂಚೋಳಿ ಅಭಯಾರಣ್ಯ ನಿಮ್ಮ ಊರಿಗೆ ಎಷ್ಟು ದೂರ ನೋಡಿಕೊಳ್ಳಿ. ನೋಂದಣಿ ಆಗಿರದಿದ್ದರೆ ಈ ಕೆಲಸದ ಜೊತೆಗೇ ಮುಗಿಸಿ.

ಈಗ ಮರ. ಸಾಗವಾನಿ ಬೇಡ. ನನಗೆ ಆ ಮರದ ಮೇಲೆ ಪ್ರೀತಿ ಜಾಸ್ತಿ. ಬಾಗಿಲು, ಚೌಕಟ್ಟು, ತೊಟ್ಟಿಲು, ಏನು ಬೇಕಾದರೂ ಅದರಲ್ಲಿ ಮಾಡಿ. ಗೆದ್ದಲು ಮುಟ್ಟುವುದಿಲ್ಲ, ಮಳೆಗೆ ಹೆದರುವುದಿಲ್ಲ. ಆದರೆ ಅದು ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ರೈಫಲ್ ಒದೆಯುವಾಗ ಆ ಏಟೆಲ್ಲ ಅಂಗೈಯಗಲದ ಒಂದು ಜಾಗದಲ್ಲಿ ಮರದ ಮೇಲೆ ಬೀಳುತ್ತದೆ. ಸಾಗವಾನಿ ಅದನ್ನು ಬಹಳ ದಿನ ತಾಳುವುದಿಲ್ಲ. ಅದರ ಮೈಯಲ್ಲೇ ಒಂದು ಜಿಡ್ಡು ಇರುವುದರಿಂದ ಅಂಟು ಕೂಡ ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಆಯ್ಕೆ ಅಕ್ರೋಟಿನ ಮರ. ನಿಮ್ಮ ಹಳೆಯ ಕಟ್ಟಿಗೆಯೂ ಅದೇ ಇದ್ದಂತೆ ಫೋಟೊದಲ್ಲಿ ಕಾಣುತ್ತದೆ. ಶಿಕಾರಿ ಬಂದೂಕು ಮಾಡುವವರು ತಲೆತಲಾಂತರದಿಂದ ಇದನ್ನೇ ಆರಿಸಿಕೊಂಡು ಬಂದಿರುವುದು ಬರೀ ಚೆಂದಕ್ಕಲ್ಲ. ಹಗುರ, ಅಂದರೆ ಒಂದು ಘನ ಅಡಿಗೆ ಸುಮಾರು 18 ಕಿಲೋ. ಏಟು ತಿಂದರೆ ಬಳಕುತ್ತದೆ, ಬೇಗ ಬಿರಿಯುವುದಿಲ್ಲ. ಉಳಿ ಹಾಕಿದರೆ ಅಂಚು ಚಕ್ಕೆ ಏಳದೆ ಸ್ವಚ್ಛ ಬರುತ್ತದೆ. ಒಮ್ಮೆ ಒಣಗಿದ ಮೇಲೆ ಜಾಸ್ತಿ ಅಲುಗಾಡುವುದಿಲ್ಲ. ನಮ್ಮ ಕಡೆ ಬೆಳೆಯುವುದಿಲ್ಲ, ಕಾಶ್ಮೀರದಿಂದ ಬರಬೇಕು. ದುಬಾರಿ, ನಿಜ. ಒಂದೇ ತುಂಡಿನ ರೈಫಲ್ ಕಟ್ಟಿಗೆಗೆ 34 ಇಂಚು ಉದ್ದ, ಬಟ್ಟಿನ (ಭುಜಕ್ಕೆ ಒರಗುವ ತುದಿಯ) ಕಡೆ 6ರಿಂದ 7 ಇಂಚು ಅಗಲ, ಎರಡೂವರೆ ಇಂಚು ದಪ್ಪದ ದಿಮ್ಮಿ ಬೇಕು. ಇದಕ್ಕಿಂತ ಸಣ್ಣದನ್ನು ಅಗ್ಗಕ್ಕೆ ಕೊಟ್ಟರೂ ತಗೊಳ್ಳಬೇಡಿ.

ಅಕ್ರೋಟು ಸಿಗದಿದ್ದರೆ ಶೀಶಂ. ಘನ ಅಡಿಗೆ 22 ಕಿಲೋದಷ್ಟು ತೂಗುತ್ತದೆ, ಬಂದೂಕು ಸ್ವಲ್ಪ ಭಾರವಾಗುತ್ತದೆ. ಭಾರವಾದರೆ ಒದೆ ಕಡಿಮೆ ಅನ್ನಿಸುತ್ತದೆ, ಅದೊಂದು ಲಾಭ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸೀಳುವುದಿಲ್ಲ. ಆದರೆ ಅದೇ ಕಾರಣಕ್ಕೆ ರಂದಾ ಹಾಕುವಾಗ ಎಳೆ ಕಿತ್ತು ಬರುತ್ತದೆ, ಕೆಲಸಗಾರನಿಗೆ ತಾಳ್ಮೆ ಬೇಕು. ಬೀಟೆ ಇನ್ನೂ ಚೆಂದ, ಇನ್ನೂ ಭಾರ, ಕಡಿಯಲು ಸಾಗಿಸಲು ಅನುಮತಿಯ ತೊಡಕು. ಬಿಲ್ಲಿಲ್ಲದ ಬೀಟೆಯನ್ನು ಯಾರಾದರೂ ತಂದುಕೊಡುತ್ತೇನೆ ಅಂದರೆ ಕೈ ಮುಗಿದು ಕಳಿಸಿ. ಕರಿಜಾಲಿಯನ್ನು ನಮ್ಮ ಹಳ್ಳಿಗಳಲ್ಲಿ ಗಾಡಿಯ ಗಾಲಿಗೆ, ಕುಂಟೆಗೆ ಬಳಸುತ್ತಾರೆ. ಏಟು ತಾಳುವ ವಿಷಯದಲ್ಲಿ ಅದು ಯಾರಿಗೂ ಕಡಿಮೆ ಇಲ್ಲ. ಆದರೆ ಗಂಟಿಲ್ಲದ, ನೆಟ್ಟಗಿನ 34 ಇಂಚು ಜಾಲಿ ಸಿಗುವುದೇ ಕಷ್ಟ. ಒಣಗುವಾಗ ತುದಿ ಬಿರಿಯುವ ಚಾಳಿಯೂ ಅದಕ್ಕಿದೆ. ಬೇವು, ಮಾವು ಬೇಡವೇ ಬೇಡ.

ಮರ ಯಾವುದೇ ಇರಲಿ, ಅದಕ್ಕಿಂತ ದೊಡ್ಡ ಮಾತು ಎಳೆ. ಅಂಗಡಿಗೆ ಬರುವವರೆಲ್ಲ ಬಣ್ಣ ನೋಡುತ್ತಾರೆ, ಸುಳಿ ನೋಡುತ್ತಾರೆ. ನಾನು ಮೊದಲು ನೋಡುವುದು ಹಿಡಿಯ ಜಾಗವನ್ನು. ಹಳೆಯ ಕಟ್ಟಿಗೆಯನ್ನು ದಿಮ್ಮಿಯ ಮೇಲೆ ಇಟ್ಟು ಸೀಸದ ಕಡ್ಡಿಯಿಂದ ಗೆರೆ ಎಳೆಯಿರಿ. ಕುತ್ತಿಗೆ ಬರುವ ಕಡೆ ಎಳೆಗಳು ಕುತ್ತಿಗೆಯ ಉದ್ದಕ್ಕೇ ಹರಿಯಬೇಕು. ಕುತ್ತಿಗೆ ಕೆಳಗೆ ಬಾಗಿದರೆ ಎಳೆಯೂ ಅದರ ಜೊತೆ ಬಾಗಿದರೆ ಇನ್ನೂ ಉತ್ತಮ. ಎಳೆ ಮೇಲಿನಿಂದ ಕೆಳಗೆ ಅಡ್ಡ ಹಾಯ್ದು ಹೋಗಿದ್ದರೆ ಆ ದಿಮ್ಮಿ ಎಷ್ಟೇ ಚೆಂದ ಇರಲಿ, ಬಿಟ್ಟುಬಿಡಿ. ಅದು ಒಂದು ದಿನ ನಿಮ್ಮ ಈಗಿನ ಸೀಳಿನ ಹಾಗೇ ಓರೆಯಾಗಿ ಸೀಳುತ್ತದೆ. ಸುಳಿ, ಹುಲಿಪಟ್ಟೆ, ಕಪ್ಪು ಗೆರೆ ಎಲ್ಲ ಬಟ್ಟಿನ ಕಡೆ ಎಷ್ಟು ಬೇಕಾದರೂ ಇರಲಿ. ಅಲ್ಲಿ ಬಲದ ಕೆಲಸ ಕಡಿಮೆ, ಕಣ್ಣಿಗೆ ಹಬ್ಬ. ಕುತ್ತಿಗೆಯಿಂದ ಮುಂದಕ್ಕೆ ಮಾತ್ರ ಮರ ಸೀದಾ ಸಾದಾ ಇರಬೇಕು. ದಿಮ್ಮಿಗೆ ಸ್ವಲ್ಪ ನೀರು ಸವರಿ ನೋಡಿ, ಎಳೆ ಎದ್ದು ಕಾಣುತ್ತದೆ. ಎರಡೂ ಬದಿ ನೋಡಿ. ಒಂದು ಬದಿ ನೆಟ್ಟಗಿದ್ದು ಇನ್ನೊಂದು ಬದಿ ಓರೆ ಇರುವ ದಿಮ್ಮಿಗಳೇ ಜಾಸ್ತಿ.

ಎರಡನೆಯದು ಒಣಗುವುದು. ಹೊರಗಿನ ಗಾಳಿಯಲ್ಲಿ ಒಂದು ಇಂಚು ದಪ್ಪ ಒಣಗಲು ಒಂದು ವರ್ಷ ಅಂತ ಬಡಿಗರ ಲೆಕ್ಕ. ಎರಡೂವರೆ ಇಂಚಿನ ದಿಮ್ಮಿಗೆ ಎರಡು ವರ್ಷದ ಮೇಲೆ ಬೇಕು. ನಮ್ಮ ಹೊಲದ ಮರ, ಹೋದ ದೀಪಾವಳಿಗೆ ಕಡಿದದ್ದು, ಒಣಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರೀಕ್ಷೆ ಸುಲಭ. ಮನೆಯ ತೂಕದ ಯಂತ್ರದಲ್ಲಿ ದಿಮ್ಮಿ ತೂಗಿ, ಅದರ ಮೇಲೇ ತಾರೀಖು ಹಾಕಿ ಬರೆಯಿರಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಉಳಿ ಮುಟ್ಟಿಸಿ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬೇರೆ ಊರಲ್ಲಿ ಒಣಗಿದ್ದು ಅನ್ನಿಸಿಕೊಂಡ ಮರ ಇಲ್ಲಿ ಬಂದು ಮತ್ತೆ ಕುಗ್ಗುತ್ತದೆ. ಹೊರಗಿನಿಂದ ತರಿಸಿದ ದಿಮ್ಮಿಯನ್ನು ಒಂದು ಬೇಸಿಗೆ ನಮ್ಮ ಗಾಳಿಯಲ್ಲಿ ಇಡದೆ ನಾನು ಕೆಲಸಕ್ಕೆ ತಗೊಳ್ಳುವುದಿಲ್ಲ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ, ಕೆಳಗೆ ಎರಡು ಪಟ್ಟಿ ಕೊಟ್ಟು ಇಡಿ. ಎರಡೂ ತುದಿಗೆ ಮೇಣ ಬಳಿಯಿರಿ. ತುದಿ ಬೇಗ ಒಣಗಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ.

ಇನ್ನು ಕಬ್ಬಿಣ ಕೂರುವ ಗೂಡು ಕೆತ್ತುವ ಕೆಲಸ. ಇದನ್ನು ರಿಪೇರಿ ಅಂಗಡಿಯವರೇ ಮಾಡುತ್ತಾರೆ. ಆದರೆ ಏನು ಕೇಳಬೇಕು, ಏನು ನೋಡಬೇಕು ಅನ್ನುವುದು ನಿಮಗೆ ಗೊತ್ತಿರಲಿ. ಎಣ್ಣೆ ದೀಪದ ಕಾಡಿಗೆಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ಕಬ್ಬಿಣದ ಅಡಿಗೆ ತೆಳ್ಳಗೆ ಸವರುತ್ತಾರೆ. ಕಬ್ಬಿಣವನ್ನು ಗೂಡಿನಲ್ಲಿಟ್ಟು ಒತ್ತಿ ಎತ್ತುತ್ತಾರೆ. ಎಲ್ಲಿ ತಾಗಿತೋ ಅಲ್ಲಿ ಮರದ ಮೇಲೆ ಕರಿ ಚುಕ್ಕೆ. ಆ ಚುಕ್ಕೆಯನ್ನಷ್ಟೇ ಉಳಿಯ ಮೊನೆಯಿಂದ ಕೆರೆದು ತೆಗೆಯಬೇಕು. ಮತ್ತೆ ಸವರು, ಮತ್ತೆ ಒತ್ತು, ಮತ್ತೆ ಕೆರೆ. ಮೊದಲು ಎರಡೋ ಮೂರೋ ಚುಕ್ಕೆ, ಆಮೇಲೆ ಹತ್ತಾರು, ಕೊನೆಗೆ ಗೂಡಿನ ತಳವೆಲ್ಲ ಒಂದೇ ಸಮ ಬೂದು ಬಣ್ಣ. ಅಲ್ಲಿಗೆ ಬಂದಾಗ ಕಬ್ಬಿಣ ತಾನೇ ಕುಳಿತು, ಎತ್ತಲು ಹೋದರೆ ಸಣ್ಣಗೆ ಹಿಡಿದುಕೊಳ್ಳುತ್ತದೆ. ನಮ್ಮಪ್ಪ ಈ ಕೆಲಸ ಮಾಡುವಾಗ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಕಣ್ಣು ಚುಕ್ಕೆಯ ಮೇಲೆ, ಎಡಗೈ ಹೆಬ್ಬೆರಳು ಉಳಿಯ ಬೆನ್ನ ಮೇಲೆ. ಒಂದೇ ದಿನದಲ್ಲಿ ಕೂರಿಸಿಕೊಡುತ್ತೇನೆ ಅನ್ನುವ ಅಂಗಡಿಗೆ ಕೊಡಬೇಡಿ.

ಮೌಸರ್ ಮಾದರಿಯಲ್ಲಿ ಮೂರು ಜಾಗ ನೀವೇ ಕೇಳಿ ನೋಡಬೇಕು. ಕಬ್ಬಿಣದ ಮುಂಭಾಗದ ಅಡಿಯಲ್ಲಿ ಒಂದು ಗಟ್ಟಿ ಉಬ್ಬು ಇರುತ್ತದೆ, ಲಗ್ ಅನ್ನುತ್ತಾರೆ. ಒದೆಯನ್ನೆಲ್ಲ ಮರಕ್ಕೆ ದಾಟಿಸುವುದು ಅದೇ. ಅದರ ಹಿಂದಿನ ಮುಖ ಮರಕ್ಕೆ ಪೂರ್ತಿ ಒತ್ತಿಕೊಂಡಿರಬೇಕು. ಅದರ ಮುಂದೆ, ಪಕ್ಕಕ್ಕೆ, ಕೆಳಗೆ ಕೂದಲೆಳೆಯಷ್ಟು ಸಂದು ಇದ್ದರೆ ಪರವಾಗಿಲ್ಲ. ಎರಡನೆಯದು, ಕಬ್ಬಿಣದ ಹಿಂದಿನ ಬಾಲ. ಅದರ ತುದಿ ಮತ್ತು ಮರದ ನಡುವೆ ಪೋಸ್ಟ್ ಕಾರ್ಡಿನ ದಪ್ಪದಷ್ಟು ಜಾಗ ಬಿಡಲೇಬೇಕು. ಅಲ್ಲಿ ಬಿಗಿಯಾಗಿ ಕೂರಿಸಿದರೆ ನೋಡಲು ಅಚ್ಚುಕಟ್ಟು. ಆದರೆ ನಾಲ್ಕು ಗುಂಡಿಗೆ ಆ ಬಾಲ ಬೆಣೆಯಾಗಿ ಕುತ್ತಿಗೆಯನ್ನು ಸೀಳುತ್ತದೆ. ಮೂರನೆಯದು, ಹಿಂದಿನ ಸ್ಕ್ರೂ ಸುತ್ತ ಇರುವ ಸಣ್ಣ ಉಕ್ಕಿನ ಕೊಳವೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗಲೂ ಸ್ಕ್ರೂ ಬಿಗಿ ಉಳಿಯುವುದು ಅದರಿಂದ. ಹಳೆಯ ಕಟ್ಟಿಗೆಯಲ್ಲಿ ಅದು ಕಪ್ಪಾಗಿ ಮರದ ಬಣ್ಣಕ್ಕೇ ತಿರುಗಿರುತ್ತದೆ, ಗೊತ್ತೇ ಆಗುವುದಿಲ್ಲ. ಹುಡುಕಿ ತೆಗೆಸಿ ಹೊಸದಕ್ಕೆ ಹಾಕಿಸಿ. ನಳಿ ಮಲಗುವ ಕಾಲುವೆಯಲ್ಲಿ ನಳಿ ಮತ್ತು ಮರದ ನಡುವೆ ಹತ್ತು ರೂಪಾಯಿ ನೋಟು ತಡೆಯಿಲ್ಲದೆ ಓಡಾಡಬೇಕು. ಮಳೆಗಾಲದಲ್ಲಿ ಮರ ಉಬ್ಬಿ ನಳಿಯನ್ನು ಒತ್ತಿದರೆ ಗುರಿ ತಪ್ಪುತ್ತದೆ.

ಅಳತೆಗೆ ಹಳೆಯದನ್ನೇ ಹಿಡಿಯಿರಿ, ಆದರೆ ಒಮ್ಮೆ ನಿಮ್ಮ ಮೈಗೆ ಹೊಂದುತ್ತದಾ ನೋಡಿ. ಟ್ರಿಗರಿನಿಂದ ಬಟ್ಟಿನ ನಡುವಿನವರೆಗೆ ಮಧ್ಯಮ ಎತ್ತರದವರಿಗೆ ಹದಿಮೂರೂವರೆಯಿಂದ 14 ಇಂಚು ಸಾಕು. ಗುಂಡಿಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕಣ್ಣು ಬಿಡಿ. ಮುಂದಿನ ಗುರಿಕಡ್ಡಿ ನೇರ ಕಣ್ಣೆದುರು ಬಂದರೆ ಅಳತೆ ಸರಿ. ಕತ್ತು ಉದ್ದ ಮಾಡಿ ಹುಡುಕಬೇಕಾದರೆ ಕೆನ್ನೆ ಒರಗುವ ಜಾಗದ ಎತ್ತರ ತಪ್ಪಿದೆ.

ಪಾಲಿಶ್ ವಿಷಯ. ನಿಮ್ಮ ತಾಯಿ ಬಯಸುವ ಹಳೆಯ ಕಳೆ ಬರುವುದು ಎಣ್ಣೆಯಿಂದ. ಪಿಯು, ಮೆಲಮೈನ್ ಹೊಡೆದರೆ ಸೋಫಾದ ಕೈ ಹಾಗೆ ಮಿರಮಿರ ಮಿಂಚುತ್ತದೆ. ಒಂದು ಗೀರು ಬಿದ್ದರೆ ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಅರಗಿನ ಪಾಲಿಶ್ ಚೆಂದ, ಆದರೆ ಒದ್ದೆ ಕೈ ತಾಗಿದರೆ ಬೆಳ್ಳಗಾಗುತ್ತದೆ. ಎಣ್ಣೆಗೆ ಆ ತಾಪತ್ರಯ ಇಲ್ಲ. ಗೀರು ಬಿದ್ದ ಕಡೆ ಒಂದು ಹನಿ ಹಾಕಿ ತಿಕ್ಕಿದರೆ ಆಯಿತು.

120ರ ಪಾಲಿಶ್ ಪೇಪರಿನಿಂದ ಶುರು ಮಾಡಿ 180, 240, 320ರವರೆಗೆ ಹೋಗಿ. ಯಾವಾಗಲೂ ಎಳೆಯ ಉದ್ದಕ್ಕೆ ತಿಕ್ಕಿ. ಪೇಪರಿನ ಹಿಂದೆ ಒಂದು ರಬ್ಬರಿನ ತುಂಡು ಇರಲಿ, ಬರೀ ಬೆರಳಿನಿಂದ ತಿಕ್ಕಿದರೆ ಮೈ ತಗ್ಗು ದಿನ್ನೆ ಆಗುತ್ತದೆ. ಕಬ್ಬಿಣ ಸೇರುವ ಅಂಚಿನಲ್ಲಿ ಮರ ಕಬ್ಬಿಣಕ್ಕಿಂತ ಕೂದಲಷ್ಟು ಎತ್ತರ ಇರಲಿ. ಅಲ್ಲಿ ಜಾಸ್ತಿ ತಿಕ್ಕಿ ಮರ ತಗ್ಗಿಸಿದರೆ ಮತ್ತೆ ಏರಿಸಲು ಆಗುವುದಿಲ್ಲ. 240 ಆದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಸಣ್ಣ ರೋಮ ಏಳುತ್ತದೆ, ಕೈಗೆ ಗರಗರ ಅನ್ನಿಸುತ್ತದೆ. ಅದನ್ನು ಹಗುರ ಕೈಯಿಂದ ತೆಗೆಯಿರಿ. ರೋಮ ಏಳುವುದು ನಿಲ್ಲುವವರೆಗೆ ಹೀಗೇ ಮಾಡಿ. ಇದನ್ನು ಬಿಟ್ಟವರ ಬಂದೂಕು ಮೊದಲ ಮಳೆಗೇ ಒರಟಾಗುತ್ತದೆ.

ಬಣ್ಣ ಕೊಡಲು ರತನ್‌ಜೋತ್ ಬೇರು. ನಮ್ಮ ಗಂಜಿನ ಕಿರಾಣಿ ಅಂಗಡಿಗಳಲ್ಲಿ ಮಸಾಲೆ ಜೊತೆ ಸಿಗುತ್ತದೆ, ಅಡಿಗೆಗೆ ಕೆಂಪು ಬಣ್ಣ ಬರಲು ಹಾಕುತ್ತಾರಲ್ವಾ, ಅದೇ. ಇಂಗ್ಲೆಂಡಿನ ಹಳೆಯ ಬಂದೂಕುಗಳ ಕೆಂಪು ಛಾಯೆಗೂ ಇದೇ ಜಾತಿಯ ಬೇರಿನ ಬಣ್ಣ ಬಳಸುತ್ತಿದ್ದರು. ನೀರಿನಲ್ಲಿ ಇದರ ಬಣ್ಣ ಸರಿಯಾಗಿ ಬಿಡುವುದಿಲ್ಲ, ಎಣ್ಣೆಯಲ್ಲಿ ಬಿಡುತ್ತದೆ. ಒಂದು ಹಿಡಿ ಬೇರು ಮುರಿದು ಅಗಸಿ ಎಣ್ಣೆಯಲ್ಲಿ ವಾರ ನೆನೆಹಾಕಿ ಸೋಸಿ. ಮೊದಲ ಕೈಗೆ ಅದು. ಹೊಸ ಮರದ ಹಳದಿ ಕಳೆ ಇಳಿದು, ಆಳದಿಂದ ಕೆಂಪು ಬಂದಂತೆ ಕಾಣುತ್ತದೆ. ಮೊದಲು ಅದೇ ಮರದ ಚೂರಿನ ಮೇಲೆ ಹಚ್ಚಿ ತಾಯಿಯವರಿಗೆ ತೋರಿಸಿ. ಅವರು ಹೂಂ ಅಂದ ಮೇಲೆ ಮುಂದುವರಿಯಿರಿ.

ಆಮೇಲೆ ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್ಸೀಡ್ ಎಣ್ಣೆ, ಅಂದರೆ ಬೇಗ ಒಣಗುವಂತೆ ಮಾಡಿದ ಅಗಸಿ ಎಣ್ಣೆ. ಮೊದಲೆರಡು ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್ ಸೇರಿಸಿ, ಆಳಕ್ಕೆ ಇಳಿಯುತ್ತದೆ. ಮೂರನೆಯ ಕೈ ಹಚ್ಚಿ, ಒದ್ದೆ ಇರುವಾಗಲೇ 320ರ ವಾಟರ್ ಪೇಪರಿನಿಂದ ತಿಕ್ಕಿ. ಮರದ ಪುಡಿ ಎಣ್ಣೆಯಲ್ಲಿ ಕಲಸಿ ಕೆಸರಾಗಿ ಸಣ್ಣ ರಂಧ್ರಗಳಲ್ಲಿ ತುಂಬುತ್ತದೆ. ಅದನ್ನು ಒರೆಸದೆ ಒಣಗಲು ಬಿಡಿ. ಮರದ ರಂಧ್ರಕ್ಕೆ ಅದರದೇ ಪುಡಿಗಿಂತ ಒಳ್ಳೆಯ ಲಪ್ಪ ಇಲ್ಲ. ಮುಂದಿನ ಕೈಗಳೆಲ್ಲ ಒಂದೆರಡು ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ಮರಕ್ಕೆ ತಿಕ್ಕುವುದು. ಹತ್ತು ನಿಮಿಷ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒಂದು ಕೈಗೂ ಇನ್ನೊಂದಕ್ಕೂ ಒಂದು ದಿನ ಬಿಡಿ. ಅಂಟಂಟು ಅನ್ನಿಸಿದರೆ ಇನ್ನೊಂದು ದಿನ ಬಿಡಿ.

ಹೊರಗೆ ಮಿಂಚಿದರೆ ಸಾಲದು. ಕಬ್ಬಿಣದ ಗೂಡಿನ ಒಳಗೆ, ನಳಿಯ ಕಾಲುವೆಯಲ್ಲಿ, ಬಟ್ಟಿನ ತಗಡಿನ ಹಿಂದೆ ಮರದ ಬಾಯಿ ತೆರೆದಿರುತ್ತದೆ. ತೇವ ಒಳಗೆ ಹೋಗುವುದು ಅಲ್ಲಿಂದಲೇ. ಅಲ್ಲೆಲ್ಲ ಎರಡು ಕೈ ವಾರ್ನಿಷ್ ಹಾಕಿಸಿ. ಅಂಗಡಿಯವರು ಇದನ್ನು ತಾವಾಗಿ ಮಾಡುವುದು ಕಡಿಮೆ. ಬಟ್ಟಿನ ತಗಡು ಬಿಚ್ಚಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಾನು ಬಸವಕಲ್ಯಾಣದವನು. ನೀವು ಹಿಂದೆ ಅಗಸಿ ಎಣ್ಣೆ ಒಳ್ಳೆಯದು ಅಂತ ಬರೆದಿದ್ದಿರಿ. ಗಾಣದಿಂದ ತಂದ ಶುದ್ಧ ಅಗಸಿ ಎಣ್ಣೆಯನ್ನೇ ನನ್ನ ಬಂದೂಕಿನ ಕಟ್ಟಿಗೆಗೆ ಧಾರಾಳವಾಗಿ ಹಚ್ಚಿದೆ. ತಿಂಗಳು ಕಳೆದರೂ ಕೈಗೆ ಅಂಟುತ್ತದೆ, ಧೂಳೆಲ್ಲ ಹಿಡಿದುಕೊಂಡಿದೆ. ಇದರ ಬದಲು ಕುಸುಬಿ ಎಣ್ಣೆ ಹಚ್ಚಬಹುದಾ?

ಉತ್ತರ: ಗಾಣದ ಎಣ್ಣೆ ಊಟಕ್ಕೆ ಒಳ್ಳೆಯದು, ಇಲ್ಲಿ ನಿಧಾನ. ಅಗಸಿ ಎಣ್ಣೆ ಒಣಗುವುದು ಅಂದರೆ ನೀರಿನ ಹಾಗೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಿ ಪೊರೆಯಾಗುತ್ತದೆ. ಹಸಿ ಎಣ್ಣೆಗೆ ಇದಕ್ಕೆ ವಾರಗಳೇ ಬೇಕು, ದಪ್ಪಗೆ ಹಚ್ಚಿದರೆ ಮೇಲೆ ತೊಗಲು ಕಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ನಿಮಗೆ ಆಗಿರುವುದು ಇದೇ. ಪೇಂಟ್ ಅಂಗಡಿಯ ಬಾಯಿಲ್ಡ್ ಎಣ್ಣೆಯಲ್ಲಿ ಬೇಗ ಒಣಗಿಸುವ ಪದಾರ್ಥ ಸೇರಿಸಿರುತ್ತಾರೆ. ತೆಳ್ಳಗೆ ಹಚ್ಚಿದರೆ ಒಂದು ದಿನಕ್ಕೆ ಒಣಗುತ್ತದೆ. ಆ ಎಣ್ಣೆ ತಿನ್ನಲು ಬರುವುದಿಲ್ಲ. ಅಡಿಗೆ ಮನೆಯಿಂದ ದೂರ ಇಡಿ, ಡಬ್ಬದ ಮೇಲೆ ದೊಡ್ಡದಾಗಿ ಬರೆಯಿರಿ.

ಕುಸುಬಿ ಎಣ್ಣೆಯೂ ಒಣಗುತ್ತದೆ, ಆದರೆ ಅಗಸಿಗಿಂತ ನಿಧಾನ. ಹಳದಿ ಬರುವುದು ಕಡಿಮೆ ಅಂತ ಚಿತ್ರಕಾರರು ತಿಳಿ ಬಣ್ಣಗಳಿಗೆ ಅದನ್ನು ಬಳಸುತ್ತಾರೆ. ನಿಮಗೆ ಅದರಿಂದ ಲಾಭವಿಲ್ಲ. ಶೇಂಗಾ, ಕೊಬ್ಬರಿ ಎಣ್ಣೆಯಂತೂ ಮುಟ್ಟಬೇಡಿ, ಅವು ಪೊರೆ ಕಟ್ಟುವುದೇ ಇಲ್ಲ.

ಈಗಿನ ಅಂಟು ತೆಗೆಯಲು ಟರ್ಪೆಂಟೈನಿನಲ್ಲಿ ಅದ್ದಿದ ಒರಟು ಬಟ್ಟೆಯಿಂದ ಎಳೆಯ ಉದ್ದಕ್ಕೆ ತಿಕ್ಕಿ ಒರೆಸಿ. ಎರಡು ಮೂರು ಸಲ ಬೇಕಾಗಬಹುದು. ಪೂರ್ತಿ ಬಿಟ್ಟ ಮೇಲೆ ವಾರ ಗಾಳಿಗೆ ಬಿಡಿ, ಆಮೇಲೆ ಬಾಯಿಲ್ಡ್ ಎಣ್ಣೆ ತೆಳ್ಳಗೆ.

ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ದಾರಿ ಸಿಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬೆಂಕಿ ಕಡ್ಡಿ ಬೇಕಿಲ್ಲ. ನಮ್ಮ ಬೇಸಿಗೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ಅಪಾಯ ಇನ್ನೂ ಜಾಸ್ತಿ. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ. ಇಲ್ಲವೇ ಹೊರಗೆ, ಬಯಲಲ್ಲಿ, ಒಂದೊಂದೇ ಹರವಿ ಒಣಗಿಸಿ.

ಪ್ರಶ್ನೆ: ಸುರಪುರದಿಂದ ಬರೆಯುತ್ತಿದ್ದೇನೆ. ನನ್ನದು .315 ರೈಫಲ್. ಹಿಂದಿನ ಕಟ್ಟಿಗೆ ಬೇರೆ, ಮುಂದಿನದು ಬೇರೆ. ಪ್ರತಿ ಬೇಸಿಗೆಯಲ್ಲಿ ಬಟ್ಟು ಸಡಿಲವಾಗಿ ಅಲ್ಲಾಡುತ್ತದೆ, ಮಳೆಗಾಲಕ್ಕೆ ತಾನೇ ಬಿಗಿಯಾಗುತ್ತದೆ. ಸಂದಿಗೆ ಫೆವಿಕಾಲ್ ಬಿಟ್ಟರೆ ಹೇಗೆ?

ಉತ್ತರ: ಬೇಡ. ಅಂಟು ಬಿಟ್ಟರೆ ಮುಂದೆ ಯಾವಾಗಲಾದರೂ ಬಿಚ್ಚುವಾಗ ಕಟ್ಟಿಗೆ ಚೂರಾಗುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗುವುದು, ಮಳೆಗಾಲದಲ್ಲಿ ಉಬ್ಬುವುದು ಅದರ ಗುಣ. ಕುಗ್ಗುವುದು ಅಡ್ಡಕ್ಕೆ, ಉದ್ದಕ್ಕೆ ಬಹಳ ಕಡಿಮೆ. ಅದಕ್ಕೇ ಕಬ್ಬಿಣದ ಬಾಯಿಯೊಳಗೆ ಕೂತ ಮರ ಸುತ್ತ ಸಡಿಲವಾಗುತ್ತದೆ.

ಬಟ್ಟಿನ ತಗಡಿನ ಒಳಗಿನಿಂದ ಒಂದು ಉದ್ದ ಬೋಲ್ಟ್ ಮುಂದಕ್ಕೆ ಹೋಗಿ ಬಟ್ಟನ್ನು ಕಬ್ಬಿಣಕ್ಕೆ ಎಳೆದು ಹಿಡಿದಿರುತ್ತದೆ. ಅದನ್ನು ಬಿಗಿ ಮಾಡಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ಬೋಲ್ಟಿಗೆ ಸ್ಕ್ರೂ ಡ್ರೈವರ್ ಹಾಕುವ ಮೊದಲು ಮುಂದಿನ ಕಟ್ಟಿಗೆ ಬಿಚ್ಚಲೇಬೇಕು. ಲೀ ಎನ್‌ಫೀಲ್ಡ್ ಮಾದರಿಯ, ಅಂದರೆ ನಿಮ್ಮ .315ರಂಥ, ಬಂದೂಕುಗಳಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಕಟ್ಟಿಗೆಯ ಹಿಂಬದಿಯಲ್ಲಿರುವ ಒಂದು ತಗಡಿನೊಳಗೆ ಸಿಕ್ಕಿಕೊಂಡಿರುತ್ತದೆ. ಹಾಗೇ ತಿರುವಿದರೆ ತಗಡೂ ತಿರುಗಿ ಮುಂದಿನ ಕಟ್ಟಿಗೆ ಟಪ್ಪನೆ ಸೀಳುತ್ತದೆ. ಹೀಗೆ ಸೀಳಿದ ಕಟ್ಟಿಗೆಗಳನ್ನು ಬಹಳ ನೋಡಿದ್ದೇನೆ, ಒಳ್ಳೊಳ್ಳೆ ಮರ ಸುಮ್ನೆ ಹಾಳು. ಲೈಸೆನ್ಸ್ ಇರುವ ಅಂಗಡಿಯಲ್ಲೇ ಬಿಚ್ಚಿಸಿ. ಬಿಗಿ ಮಾಡಿದ ಮೇಲೂ ಅಲ್ಲಾಡಿದರೆ ಕಬ್ಬಿಣದ ಬಾಯಿಗೆ ಕೂರುವ ಮರದ ಸುತ್ತ ತೆಳ್ಳಗಿನ ಮರದ ಪದರ ಎಪಾಕ್ಸಿಯಿಂದ ಅಂಟಿಸಿ, ಕಾಡಿಗೆ ಸವರಿ ನೋಡುತ್ತಾ ಮತ್ತೆ ಕೂರಿಸಲಿ. ಅಂಟು ಮರ ಮರಕ್ಕೆ ಮಾತ್ರ, ಕಬ್ಬಿಣಕ್ಕೆ ತಾಗಬಾರದು. ಈ ಕೆಲಸಕ್ಕೆ ಏಪ್ರಿಲ್, ಮೇ ಒಳ್ಳೆಯ ಕಾಲ. ಮರ ಅತಿ ಸಣ್ಣಗಿರುವಾಗ ಅಳತೆ ಸಿಗುತ್ತದೆ.

ಪ್ರಶ್ನೆ: ಮಾಸ್ತರರಿಗೆ ಸೇಡಂನಿಂದ ನಮಸ್ಕಾರ. ನಮ್ಮ ಮಾವನವರ ಹನ್ನೆರಡು ಬೋರಿನ ಜೋಡುನಳಿ ಬಂದೂಕಿನ ಹಿಡಿಯಲ್ಲಿ ಸಣ್ಣ ಸಣ್ಣ ಚೌಕದ ಕೆತ್ತನೆ ಇದೆ. ಅದರಲ್ಲಿ ಜಿಡ್ಡು ತುಂಬಿ ಕಪ್ಪು ಪಟ್ಟಿ ಹಾಗೆ ಕಾಣುತ್ತದೆ. ಪಾಲಿಶ್ ಪೇಪರ್ ಹಾಕಿ ತಿಕ್ಕಿ ಹೊಸದಾಗಿ ವಾರ್ನಿಷ್ ಹೊಡೆಯಲಾ?

ಉತ್ತರ: ಪೇಪರ್ ಮುಟ್ಟಿಸಬೇಡಿ ತಾಯಿ. ಆ ಚೌಕಗಳು ಚೆಂದಕ್ಕಷ್ಟೇ ಅಲ್ಲ, ಬೆವರಿದ ಕೈ ಜಾರಬಾರದು ಅಂತ ಮಾಡಿದ್ದು. ಒಂದು ಇಂಚಿನಲ್ಲಿ ಇಪ್ಪತ್ತರ ಆಸುಪಾಸು ಗೆರೆ, ಕೈಯಿಂದ ಒಂದೊಂದಾಗಿ ಕೆತ್ತಿರುತ್ತಾರೆ. ಪೇಪರ್ ಹಾಕಿದರೆ ಅವುಗಳ ತುದಿ ಸವೆದು ಹೋಗುತ್ತದೆ, ಮತ್ತೆ ಬರುವುದಿಲ್ಲ.

ಹಳೆಯ ಹಲ್ಲುಜ್ಜುವ ಬ್ರಷ್ ತಗೊಳ್ಳಿ. ಬಂದೂಕು ಖಾಲಿ ಇದೆ ಅಂತ ಲೈಸೆನ್ಸ್ ಇರುವವರೇ ಎದುರಿಗೆ ತೆರೆದು ತೋರಿಸಲಿ. ಟರ್ಪೆಂಟೈನಿನಲ್ಲಿ ಬ್ರಷ್ ಅದ್ದಿ, ಕೊಡವಿ, ಗೆರೆಗಳ ಉದ್ದಕ್ಕೆ ಎರಡೂ ದಿಕ್ಕಿನಲ್ಲಿ ಮೆಲ್ಲಗೆ ತಿಕ್ಕಿ. ಕರಿ ನೀರು ಏಳುತ್ತದೆ, ಬಿಳಿ ಬಟ್ಟೆ ಒತ್ತಿ ಹೀರಿಸಿ. ಬಟ್ಟೆಯ ಮೇಲೆ ಕಪ್ಪು ಬರುವುದು ನಿಲ್ಲುವವರೆಗೆ ಮಾಡಿ. ಬೇರೆ ಕಡೆಯ ಪಾಲಿಶ್ ಎಣ್ಣೆಯದೋ ಅರಗಿನದೋ ಗೊತ್ತಾಗದಿದ್ದರೆ ಅಲ್ಲಿಗೆ ಹನಿ ಬೀಳದಂತೆ ನೋಡಿಕೊಳ್ಳಿ.

ಒಂದು ದಿನ ಒಣಗಿದ ಮೇಲೆ ಬಾಯಿಲ್ಡ್ ಎಣ್ಣೆಯನ್ನು ಅದೇ ಥರದ ಇನ್ನೊಂದು ಒಣ ಬ್ರಷ್‌ನಿಂದ ಒಂದೇ ಕೈ ಹಚ್ಚಿ. ಆಮೇಲೆ ಬ್ರಷ್ ಒರೆಸಿಕೊಂಡು ಗೆರೆಯೊಳಗೆ ನಿಂತ ಎಣ್ಣೆಯನ್ನೆಲ್ಲ ಎತ್ತಿ ತೆಗೆಯಿರಿ. ವಾರ್ನಿಷ್ ಬೇಡ, ಅದು ಗೆರೆಯಲ್ಲಿ ತುಂಬಿ ಗಟ್ಟಿಯಾದರೆ ಈಗಿನ ಜಿಡ್ಡಿಗಿಂತ ಕಷ್ಟ.